ಹೆಂಗಸರದ್ದು, ಎಂ ಸೈಜು

"ಹೆಂಗಸರ ಜಾಕೆಟ್ ತೋರಿಸ್ತೀರಾ? ಬೆಟ್ಟ ಹತ್ತೋಕೆ. ಹಗುರವಾಗಿರಬೇಕು."

ಕೌಂಟರಿನ ಹಿಂದಿದ್ದ ಅವಳ ಎದೆ ಧಸಕ್ಕೆಂದಿತು. ಹವಾಮಾನ ಇಲಾಖೆಯ ಈ ಮನುಷ್ಯ ಮೂರು ಶನಿವಾರಗಳಿಂದ ಅಂಗಡಿಗೆ ಬರುತ್ತಿದ್ದ. ತನಗೆಂದು ಜಾಕೆಟ್ ನೋಡುತ್ತಿದ್ದ, ಹಾಕುತ್ತಿದ್ದ, ಬಿಚ್ಚುತ್ತಿದ್ದ, 'ಮುಂದಿನ ವಾರ ಬರ್ತೀನಿ' ಎಂದು ಹೋಗುತ್ತಿದ್ದ. ಅವಳು ಏಳು ದಿನವೂ ಆ ಮುಂದಿನ ವಾರವನ್ನೇ ಕಾಯುತ್ತಿದ್ದಳು. ಇವತ್ತು ನೋಡಿದರೆ ಹೆಂಡತಿಗೆ ಕೊಳ್ಳಲು ಬಂದಿದ್ದಾನೆ!

"ಸೈಜು?" ಎಂದಳು, ಮುಖ ಬಿಗಿದುಕೊಂಡು.

"ಅದೇ ಗೊತ್ತಿಲ್ಲ. ಹೆಚ್ಚು ಕಡಿಮೆ ನಿಮ್ಮಷ್ಟೇ ಇದಾರೆ."

ಅವಳು ಎರಡು ಎಂ ಸೈಜನ್ನು ಇಳಿಸಿ ಕೌಂಟರಿನ ಮೇಲೆ ಹರಡಿದಳು. "ಇದರೊಳಗೆ ಹಕ್ಕಿ ಪುಕ್ಕ. ತುಂಬಾ ಬೆಚ್ಚಗಿರತ್ತೆ, ಆದ್ರೆ ನೆನೆದ್ರೆ ಮುಗೀತು, ಮುದ್ದೆಯಾಗತ್ತೆ. ಇದು ಸಿಂಥೆಟಿಕ್. ಹತ್ತುವಾಗ ಬೆವರಿದ್ರೂ, ಮಂಜಲ್ಲಿ ಒದ್ದೆಯಾದ್ರೂ ಬೆಚ್ಚಗೇ ಇಡತ್ತೆ. ಮಡಚಿದ್ರೆ ತನ್ನ ಜೇಬಲ್ಲೇ ಕೂರತ್ತೆ."

"ನೀವು ಹಾಕ್ಕೊಂಡು ಬೆಟ್ಟ ಹತ್ತಿದೀರಾ?"

"ನಾನಾ? ಹಾಕ್ಕೊಂಡು ಆ ಕನ್ನಡಿವರೆಗೆ ಹೋಗಿದೀನಿ."

ಅವನು ನಕ್ಕ. ಅವಳಿಗೂ ನಗು ಬಂತು, ಆದರೆ ನೆತ್ತಿಯ ಮೇಲಿನ ಕ್ಯಾಮೆರಾ ನೆನಪಾಗಿ ತುಟಿ ಕಚ್ಚಿದಳು.

ಐದು ವರ್ಷದ ಹಿಂದೆ, ಮದುವೆ ಮುರಿದು ಬಂದಾಗ, ಅಣ್ಣ ಅವಳ ತಲೆ ಸವರಿ ಹೇಳಿದ್ದ: "ಇನ್ಮೇಲೆ ನಿನ್ನನ್ನ ನಾನು ನೋಡ್ಕೋತೀನಿ ಪುಟ್ಟಿ." ಮಾತಿಗೆ ತಪ್ಪಲಿಲ್ಲ. ನೋಡುತ್ತಲೇ ಇದ್ದ. ಬೆಳಿಗ್ಗೆ ಅಂಗಡಿಗೆ ತಂದು ಬಿಡುತ್ತಿದ್ದ, ಸಂಜೆ ಕರೆದೊಯ್ಯುತ್ತಿದ್ದ, ನಡುವೆ ಹಿಂದಿನ ರಸ್ತೆಯ ಗೋದಾಮಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದ. ಗಾಜಿನ ಬಾಗಿಲಿಗೆ ರಿಯಾಯಿತಿ ಪೋಸ್ಟರ್ ಅಂಟಿಸಿದ ಮೇಲೆ ಅವಳಿಗೆ ರಸ್ತೆಯೂ ಇಲ್ಲವಾಯಿತು. ಹೋಗಿಬರುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಮೂವತ್ನಾಲ್ಕಾದರೂ ಪುಟ್ಟಿ. ಬೈದಿದ್ದರೆ ಜಗಳವಾಡಬಹುದಿತ್ತು. ಅಕ್ಕರೆಯಿಂದ ಕಟ್ಟಿಹಾಕಿದವನ ಹತ್ತಿರ ಬಿಚ್ಚು ಎನ್ನುವುದು ಹೇಗೆ?

"ಮಾತಾಡುವಾಗ ಲೇಬಲ್ ನೋಡ್ತಾ ಇರಿ," ತುಟಿ ಅಲುಗಿಸದೆ ಅಂದಳು. "ಮೇಲೆ ಕ್ಯಾಮೆರಾ ಇದೆ. ನಮ್ಮಣ್ಣನಿಗೆ ಕಾಣತ್ತೆ, ಕೇಳ್ಸಲ್ಲ."

ಅವನು ವಿಧೇಯ ವಿದ್ಯಾರ್ಥಿಯಂತೆ ಲೇಬಲ್ಲನ್ನು ಮೂಗಿನ ಹತ್ತಿರ ಹಿಡಿದ. "ನನಗೆ ಹೆಂಡತಿ ಇಲ್ಲ ರೀ," ಎಂದು ಲೇಬಲ್ಲಿಗೆ ಹೇಳಿದ.

"ಮತ್ತೆ ಇದು ಯಾರಿಗೆ?"

"ನಾಳೆ ಆಫೀಸಿನವರೆಲ್ಲ ಬೆಟ್ಟಕ್ಕೆ ಹೋಗ್ತಿದೀವಿ. ನಮ್ಮಕ್ಕನೂ ಬರ್ತಾಳೆ. ನೀವೂ ಬನ್ನಿ ಅನ್ನೋಕೆ ಮೂರು ವಾರ ಬೇಕಾಯ್ತು ನನಗೆ." ಅವನ ಕಣ್ಣು ಒಂದೇ ಒಂದು ಕ್ಷಣ ಲೇಬಲ್ ಬಿಟ್ಟು ಮೇಲೆದ್ದು, ಅವಳ ಗಲ್ಲದವರೆಗೆ ಬಂದು, ಹೆದರಿ ಇಳಿಯಿತು. "ಮಂಗಳವಾರದಿಂದ ನನ್ನನ್ನ ಬೆಟ್ಟದ ಮೇಲಿನ ಹವಾಮಾನ ಕೇಂದ್ರಕ್ಕೆ ಹಾಕಿದಾರೆ. ಎರಡು ವರ್ಷ."

ಜಿಪ್ಪಿನ ಮೇಲಿದ್ದ ಅವಳ ಬೆರಳು ಅಲ್ಲೇ ನಿಂತಿತು.

"ಆಗಲ್ಲ," ಎಂದಳು. ಐದು ವರ್ಷದಿಂದ ಎಲ್ಲದಕ್ಕೂ ಹೇಳಿ ಹೇಳಿ ರೂಢಿಯಾದ ಮಾತು. ಯೋಚಿಸುವ ಮೊದಲೇ ಬಾಯಿಂದ ಬಿದ್ದಿತ್ತು.

"ಸರಿ," ಎಂದ ಅವನು. ಜಾಕೆಟ್ಟನ್ನು ಹ್ಯಾಂಗರಿಗೆ ಹಾಕತೊಡಗಿದ, ಅದೂ ಹಿಂದುಮುಂದಾಗಿ.

ಕೌಂಟರಿನ ಫೋನ್ ಹೊಡೆದುಕೊಂಡಿತು. "ಪುಟ್ಟಿ, ಯಾರವನು? ಅರ್ಧ ಗಂಟೆಯಾದ್ರೂ ಒಂದು ಜಾಕೆಟ್ ಆರಿಸಕ್ಕೆ ಆಗಲ್ವಾ ಅವನಿಗೆ?"

ಅವಳು ಆ ಹ್ಯಾಂಗರನ್ನೇ ನೋಡಿದಳು. "ಅವರು ಆರಿಸಾಯ್ತು ಅಣ್ಣ. ನಾನೂ ಆರಿಸಿದೀನಿ. ನೀನು ಸ್ವಲ್ಪ ಇಲ್ಲಿಗೆ ಬಾ."

ಅಣ್ಣ ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅವಳು ಜಾಕೆಟ್ ಹಾಕಿಕೊಂಡು ಕೌಂಟರಿನ ಈಚೆ ನಿಂತಿದ್ದಳು.

"ಅಣ್ಣ, ಇವರು ಹವಾಮಾನ ಇಲಾಖೆಯವರು. ನಾಳೆ ಇವರ ಜೊತೆ, ಇವರಕ್ಕನ ಜೊತೆ ಬೆಟ್ಟಕ್ಕೆ ಹೋಗ್ತೀನಿ. ಇವರು ಅಂದ್ರೆ ನನಗಿಷ್ಟ. ಇವರಿಗಿನ್ನೂ ಹೇಳಿಲ್ಲ."

ಹವಾಮಾನದವನ ಕೈಯಿಂದ ಹ್ಯಾಂಗರ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಕಿವಿ ಮಾತ್ರ ಕೆಂಪಗೆ ಕಾಣುತ್ತಿತ್ತು.

ಅಣ್ಣ ಶೂ ಹಾಕಿ ನೋಡುವ ಸ್ಟೂಲಿನ ಮೇಲೆ ಕುಸಿದು ಕೂತ. "ಮತ್ತೆ ಬಿದ್ರೆ ಏನು ಮಾಡ್ತೀಯ ಪುಟ್ಟಿ?" ಅವನು ಕೇಳಿದ್ದು ಬೆಟ್ಟದ ಬಗ್ಗೆ ಅಲ್ಲ.

"ಬಿದ್ದಾಗ ಕೈ ಕೊಡು ಅಣ್ಣ. ಈಗಲೇ ಹಿಡ್ಕೊಂಡಿದ್ರೆ ಹೆಂಗೆ ನಡೀಲಿ?"

ಅಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ ಎದ್ದು ಬಂದು, ಗಿರಾಕಿಗೆ ಮಾಡುವ ಹಾಗೆ, ಅವಳ ತೋಳನ್ನು ಎಳೆದು ಉದ್ದ ನೋಡಿದ. "ಸರಿ ಇದೆ," ಎಂದ. ಹವಾಮಾನದವನತ್ತ ತಿರುಗಿ, "ಸಂಜೆ ಐದಕ್ಕೆಲ್ಲ ಕರ್ಕೊಂಡು ಬಂದು ಬಿಡಬೇಕು," ಎಂದ.

"ಅಣ್ಣಾ, ನಾನೇ ಬರ್ತೀನಿ."

ಅವತ್ತೇ ಮಧ್ಯಾಹ್ನದ ಬಿಸಿಲಲ್ಲಿ ಅವನನ್ನು ಬಿಡಲು ಅವಳು ಜಾಕೆಟ್ ಬಿಚ್ಚದೆಯೇ ಬಸ್ ನಿಲ್ದಾಣದವರೆಗೆ ನಡೆದಳು. ಅವಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

"ಸೆಕೆ ರೀ, ಬಿಚ್ಚಿ ಅದನ್ನ."

"ಇರಲಿ ಬಿಡಿ." ಜಿಪ್ಪನ್ನು ಇನ್ನಷ್ಟು ಮೇಲೆಳೆದುಕೊಂಡು ಕೇಳಿದಳು: "ನಿಮ್ಮ ಕೇಂದ್ರದವರೆಗೂ ಬಸ್ಸು ಹೋಗತ್ತಾ?"

"ಅರ್ಧ ದಾರಿವರೆಗೆ. ಆಮೇಲೆ ನಡೀಬೇಕು."

"ನಡೀತೀನಿ," ಎಂದಳು.