ನಾಗರ ಅಮಾವಾಸ್ಯೆಯ ಟಿಪ್ಪಣಿ

ಶಶಿಕಲಾ, ಮಾನ್ವಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಆಗಸ್ಟ್ 11, 2025, ಸೋಮವಾರ ಬೆಳಿಗ್ಗೆ ಹತ್ತು ನಲವತ್ತು. ಕೈಯಲ್ಲಿ ಒಂದು ದೂರು ಅರ್ಜಿ, ಅದಕ್ಕೆ ಪಿನ್ನು ಚುಚ್ಚಿದ ಎಫ್‌ಐಆರ್ ಪ್ರತಿ. ಆ ಎಫ್‌ಐಆರ್ ಇದೇ ಠಾಣೆಯದ್ದು. ಅದರ ಕೆಳಗಿದ್ದ ಸಹಿ ಇನ್‌ಸ್ಪೆಕ್ಟರ್ ಚನ್ನವೀರನದ್ದು.

ಆಗಸ್ಟ್ 5ರಂದು ಬೆಳಿಗ್ಗೆ 11.20ಕ್ಕೆ ಊರಾಚೆಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಸಿಡಿದಿತ್ತು. ಬಾಯ್ಲರ್ ಆಪರೇಟರ್ ಕೃಷ್ಣ ಮತ್ತು ಭತ್ತ ಬಳಿಯುತ್ತಿದ್ದ ಪಕೀರಮ್ಮ ಸ್ಥಳದಲ್ಲೇ ಸತ್ತರು. ಅಂದು ಸಂಜೆ ಗಿರಣಿ ಮಾಲೀಕ ಶಂಭುಲಿಂಗಪ್ಪ ಕೊಟ್ಟ ದೂರಿನ ಮೇಲೆ ಪ್ರಕರಣ ದಾಖಲಾಗಿತ್ತು. ಆರೋಪಿ ಕಾಲಂನಲ್ಲಿ ಬರೆದದ್ದು 'ಕೃಷ್ಣ, ಮೃತ'. ಸೇಫ್ಟಿ ವಾಲ್ವ್ ಕೆಟ್ಟಿದ್ದರೂ ನೋಡದೆ 'ಸರಿ' ಎಂದು ಬರೆಯುತ್ತಿದ್ದ ಎಂಬುದು ಅವನ ಮೇಲಿನ ಆಪಾದನೆ. ಸತ್ತವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಆಗಸ್ಟ್ 18ಕ್ಕೆ ಅಂತಿಮ ವರದಿ ಹೋದರೆ ಫೈಲು ಮುಚ್ಚಿದಂತೆ, ಎಲ್ಲರಿಗೂ ನಿರಾಳ.

"ಕುಂದರ್ರಿ," ಎಂದ ಚನ್ನವೀರ.

ಅವಳು ಕೂರಲಿಲ್ಲ. ಕೃಷ್ಣನ ಹೆಂಡತಿ, ಅಂಗನವಾಡಿ ಕಾರ್ಯಕರ್ತೆ, ಅರ್ಜಿ ಬರೆದು ಕೊಟ್ಟು ಅಭ್ಯಾಸವಿದ್ದವಳು. "ನಮ್ಮನಿಯವರು ನೋಡದ ಬರದಿಲ್ರಿ ಸಾಹೇಬ್ರ. ವಾಲ್ ಅಂಟ್ಕೊಂಡದ ಅಂತ ಅವರು ಬರದಿದ್ದು. ಈಗ ಮಿಲ್ಲಿನ ಕಂಪ್ಯೂಟರಿನ್ಯಾಗ ಎಲ್ಲಾ 'ಸರಿ' ಆಗ್ಯಾವ. ಯಾರೋ ತಿದ್ಯಾರ."

"ಅವರು ಬರದಿದ್ದು ನೀವು ನೋಡೀರೇನು?"

"ಇಲ್ರಿ. ಹೇಳತಿದ್ರು. ಅವರಿಗೆ ವಾರದ ರಜಾನೂ ಇರ್ಲಿಲ್ಲ, ಅಮಾಸಿಗೊಂದ ದಿನ ಮಿಲ್ಲು ಬಂದ್. ನಾಗರ ಅಮಾಸಿಗೆ ದೇವದುರ್ಗಕ್ಕ ನಮ್ಮಪ್ಪನ ಮನಿಗೆ ಹೋಗಿದ್ವಿ. ಅವತ್ತ ಉಣ್ಣಾಕ ಕುಂತಾಗೂ ಅದ ಮಾತು. ವಾಲ್ ಎತ್ತಾಕ ಬರವಲ್ದು, ಸಾಹುಕಾರ್ರು ಕೇಳವಲ್ರು ಅಂತ."

"ಅವರು ಬರೀತಿದ್ದ ಫೋನು ಎಲ್ಲದ?"

"ಅವರ ಕಿಸೆದಾಗ ಇತ್ತಲ್ರಿ." ಅಷ್ಟೇ ಹೇಳಿದಳು. ಪಂಚನಾಮೆ ಮಾಡಿದ್ದ ಚನ್ನವೀರನಿಗೆ ಆ ಕಿಸೆಯ ಸ್ಥಿತಿ ಗೊತ್ತಿತ್ತು.

"ಪಕೀರಮ್ಮನ ಮನಿ ನಮ್ಮ ಮನಿಯಿಂದ ಮೂರನೇದ್ದು," ಎಂದಳು ಶಶಿಕಲಾ. "ಮೊದಲ ದಿನ ಅವರು ನಾವು ಕೂಡೇ ಅತ್ವಿ. ನಿಮ್ಮ ಕಾಗದ ಬಂದ ಮ್ಯಾಲೆ ಬಾಗಲಾ ಹಾಕ್ಕೊಂಡ್ರು. ನನ್ನ ಮಗಳಿಗೆ ಸಾಲ್ಯಾಗ 'ಪಕೀರಮ್ಮನ್ನ ಕೊಂದವನ ಮಗಳು' ಅಂತಾರ. ನನಗ ಬ್ಯಾರೆ ಏನೂ ಬ್ಯಾಡ್ರಿ. ಅವರ ಹೆಸರಿನ ಮ್ಯಾಲಿಂದು ಇದನ್ನ ತಗೀರಿ."

ಎದುರು ಮೇಜಿನ ಠಾಣಾ ಬರಹಗಾರ ಹುಸೇನಪೀರ ಕತ್ತು ಬಗ್ಗಿಸಿದ. ಎಫ್‌ಐಆರ್‌ನ ಆರೋಪಿ ಕಾಲಂ ತುಂಬಿದ್ದು ಅವನೇ, ಗಿರಣಿಯ ಸಾಹುಕಾರರು ಹೇಳಿದಂತೆ. ಚನ್ನವೀರನೂ ಓದದೆಯೇ ಸಹಿ ಹಾಕಿದ್ದ, ಆ ದಿನ ಮೈಗೆ ಅಂಟಿದ್ದ ಬೆಂದ ವಾಸನೆ ಬೇಗ ತೊಳೆದುಕೊಳ್ಳಬೇಕೆಂಬ ಅವಸರದಲ್ಲಿ.

ಮರುದಿನ, 12ರಂದು ಮಧ್ಯಾಹ್ನ ಹನ್ನೆರಡಕ್ಕೆ, ಚನ್ನವೀರ, ಹುಸೇನಪೀರ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಗಿರಣಿಗೆ ಹೋದರು. ಬಾಯ್ಲರ್ ಮನೆಯ ಒಂದು ಗೋಡೆಯೇ ಇರಲಿಲ್ಲ. ಬೆಂದ ಭತ್ತ ನೆಲಕ್ಕೆ ಮೆತ್ತಿ ಹುಳಿ ನಾರುತ್ತಿತ್ತು, ನೊಣ ಮುತ್ತಿದ್ದವು. ಅದರ ಪಕ್ಕದ ಕಚೇರಿಯಲ್ಲಿ ಮಾತ್ರ ಊದುಬತ್ತಿ ಘಮಘಮ. ಶಂಭುಲಿಂಗಪ್ಪ ರಾಯಚೂರಿನ ಮನೆಯಲ್ಲಿದ್ದರು, ಶ್ರಾವಣದ ಪೂಜೆಯಂತೆ. ಕಂಪ್ಯೂಟರ್ ಮುಂದೆ ಕೂತಿದ್ದವನು ಅವರ ತಮ್ಮನ ಮಗ ಶಿವರಾಜ, ಗಿರಣಿಯ ಮ್ಯಾನೇಜರ್. ಇಸ್ತ್ರಿ ಕೆಡದ ಬಿಳಿ ಅಂಗಿ, ಕೇಳುವ ಮೊದಲೇ ಉತ್ತರ.

"ನೋಡ್ರಿ ಸರ್, ಎಲ್ಲಾ ಇಲ್ಲೇ ಅದಾವ," ಎಂದು ಪರದೆ ತಿರುಗಿಸಿದ.

ಅದೊಂದು ಟಿಪ್ಪಣಿ ಬರೆಯುವ ಆ್ಯಪ್. ಕೃಷ್ಣ ಫೋನಿನಲ್ಲಿ ಬರೆದದ್ದು ಈ ಕಂಪ್ಯೂಟರಿಗೂ ಬರುತ್ತಿತ್ತು. ಪ್ರತಿ ಗುರುವಾರ ವಾಲ್ವ್ ಪರೀಕ್ಷೆ, ಪರೀಕ್ಷೆಗೊಂದು ಟಿಪ್ಪಣಿ. ಉದ್ದದ ಬರಹ ಇರಲಿಲ್ಲ. ಪ್ರತಿ ಟಿಪ್ಪಣಿಯ ಮೇಲ್ಭಾಗದಲ್ಲಿ ಕೆಲವೇ ಕಾಲಂ: ದಿನಾಂಕ, ವೇಳೆ, ಪ್ರೆಷರ್, ಸ್ಥಿತಿ, ಬರೆದವರು, ಕೊನೆಗೆ ತಿದ್ದಿದ ವೇಳೆ. ಮಾರ್ಚ್ 6ರಿಂದ ಜುಲೈ 31ರವರೆಗೆ ಇಪ್ಪತ್ತೆರಡು ಗುರುವಾರ, ಇಪ್ಪತ್ತೆರಡು ಟಿಪ್ಪಣಿ. ಎಲ್ಲದರಲ್ಲೂ ಸ್ಥಿತಿ 'ಸರಿ', ಬರೆದವರು 'ಕೃಷ್ಣ'.

"ಸತ್ತವರ ಬಗ್ಗೆ ಮಾತಾಡಬಾರದು ಸರ್," ಎಂದ ಶಿವರಾಜ, ದನಿಗೆ ಒಂದಿಷ್ಟು ದುಃಖ ಹಚ್ಚಿಕೊಂಡು. "ಖರೇ ಹೇಳ್ಬೇಕಂದ್ರ ಅಂವ ಕುಂತಲ್ಲೇ ಬರೀತಿದ್ದ ಅನಸ್ತದ. ಅವನ ಸೋಮಾರಿತನಕ್ಕ ಪಾಪ, ಆ ಹೆಣ್ಮಗಳೂ ಹೋದ್ಲು."

ಚನ್ನವೀರ ಕಂಪ್ಯೂಟರನ್ನು ಜಪ್ತಿ ಮಾಡಿ ಪಂಚರ ಸಹಿ ಹಾಕಿಸಿ, ಶಿವರಾಜ ತರಿಸಿದ ಚಹಾ ಮುಟ್ಟದೆ ಎದ್ದ.

13ರಂದು ರಾಯಚೂರಿನ ಸೈಬರ್ ಠಾಣೆಯಲ್ಲಿ ಕಾನ್‌ಸ್ಟೆಬಲ್ ಸ್ವಪ್ನಾ ಆ ಕಂಪ್ಯೂಟರಿನ ಹೊಟ್ಟೆ ಬಗೆದು ನೋಡಿದಳು.

"ಸರ್, ಈ ಆ್ಯಪಿಗೆ ಹೊರಗಿಂದ ಸಣ್ಣ ಸಣ್ಣ ಸಾಧನ ಜೋಡಸಾಕ ಬರ್ತದ. ಪ್ಲಗಿನ್ ಅಂತಾರ. ಕೃಷ್ಣ ಒಂದು ಹಾಕ್ಕೊಂಡಿದ್ದ. ಹೊಸಾ ಟಿಪ್ಪಣಿ ತಗದ್ರ ಕಾಲಮ್ಮು ತಾವ ಬರ್ತಾವ, ತಿದ್ದಿದ ವೇಳೆ ತಾನ ಬೀಳ್ತದ. ಇನ್ನೊಂದು ಪ್ಲಗಿನ್ ಅದ, ಅದು ಬಂದಿದ್ದು ಆಗಸ್ಟ್ ಐದನೇ ತಾರೀಖು ಸಂಜಿ ಆರು ಐದಕ್ಕ."

"ಅದೇನು ಮಾಡ್ತದ?"

"ಒಂದೊಂದ ತಗದು ತಿದ್ದೂದು ಬ್ಯಾಡ. ಎಲ್ಲಾ ಟಿಪ್ಪಣಿ ಕಾಲಮ್ಮು ಒಂದ ಏಟಿಗೆ ಬದಲಿ ಮಾಡ್ತದ. ತಿದ್ದಿದ ವೇಳೆ ಸೈತ ಹಳೇದು ಕೂಡಸ್ತದ. ನಡುವ ವಾರ ಬಿಟ್ಟಿದ್ರ ತುಂಬತದ."

ಬಾಯ್ಲರ್ ಸಿಡಿದು ಏಳು ಗಂಟೆಯೂ ಆಗಿರಲಿಲ್ಲ. ಎರಡು ಹೆಣ ಇನ್ನೂ ಆಸ್ಪತ್ರೆಯ ಕೋಣೆಯಲ್ಲಿದ್ದವು. ಆ ಹೊತ್ತಿಗೆ ಶಿವರಾಜ ಬಿಳಿ ಅಂಗಿ ತೊಟ್ಟು ಕೂತು ಒಂದು ಗುಂಡಿ ಒತ್ತಿದ್ದ. ಕೊಲ್ಲುವವರನ್ನು ಚನ್ನವೀರ ಬೇಕಾದಷ್ಟು ನೋಡಿದ್ದ. ಅವರಾದರೂ ಓಡಿಹೋಗಲು ನೋಡುತ್ತಿದ್ದರು.

"ಇಷ್ಟು ಸಾಕಲ್ಲೇನು?"

"ಸಾಲಂಗಿಲ್ಲ ಸರ್. ಅವರ ವಕೀಲ್ರಿಗೆ ಉತ್ತರ ತಯಾರದ. ತನಿಖೆಗೆ ಬೇಕಾಗ್ತದಂತ ಅವತ್ತ ಫೈಲು ಜೋಡಿಸಿಟ್ವಿ ಅಂತಾರ. ಮೊದಲ ಬ್ಯಾರೆ ಇತ್ತು ಅನ್ನೂದಕ್ಕ ಪುರಾವೆ ಬೇಕು."

ಸ್ವಪ್ನಾ ಇಪ್ಪತ್ತೆರಡನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟಳು. ಚನ್ನವೀರ ಬೆರಳಿಟ್ಟು ಓದುತ್ತ ಹೋದ. ಗುರುವಾರ, 11.10, ಪ್ರೆಷರ್ ಎಂಟು ಕೆಜಿ, ಸರಿ. ಗುರುವಾರ, 11.05, ಎಂಟು ಕೆಜಿ, ಸರಿ. ಜುಲೈ 24ಕ್ಕೆ ಬಂದಾಗ ಬೆರಳು ನಿಂತಿತು. ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ ಹಾಳೆ ಮಡಚಿ ಹಿಂದೆ ಹಾಕಿದ್ದರು. ಎದ್ದು ಹೋಗಿ ಬಿಡಿಸಿದ. 24ರ ಮನೆಯಲ್ಲಿ ಕಪ್ಪು ದುಂಡು ಚುಕ್ಕೆ, ಅಮಾವಾಸ್ಯೆಯ ಗುರುತು.

ಚನ್ನವೀರ ಕಲ್ಮಲ ಹಳ್ಳಿಯ ಒಕ್ಕಲುಮನೆಯವನು. ಅಮಾವಾಸ್ಯೆ ಎಂದರೆ ಈ ಸೀಮೆಯಲ್ಲಿ ಗಾರೆಯವನು ಕರಣೆ ಮುಟ್ಟುವುದಿಲ್ಲ, ಹಮಾಲಿ ಚೀಲ ಎತ್ತುವುದಿಲ್ಲ, ಗಿರಣಿಯವರು ಯಂತ್ರಕ್ಕೆ ಕಾಯಿ ಒಡೆದು ಬಾಗಿಲು ಹಾಕುತ್ತಾರೆ. ಅದರಲ್ಲೂ ಇದು ನಾಗರ ಅಮಾವಾಸ್ಯೆ. ಕೈಯಿಂದ ಬರೆಯುವ ಯಾವ ಸುಳ್ಳುಗಾರನೂ ಆ ದಿನ ಬಾಯ್ಲರ್ ಉರಿಸುತ್ತಿರಲಿಲ್ಲ. ಗುಂಡಿ ಒತ್ತಿದವನು ತಿರುಗಿ ನೋಡಿರಲಿಲ್ಲ, ಪ್ಲಗಿನ್ನಿಗೆ ಗುರುವಾರ ಗೊತ್ತು, ಅಮಾಸೆ ಗೊತ್ತಿಲ್ಲ.

14ರಂದು ಚನ್ನವೀರ, ಹುಸೇನಪೀರ ದೇವದುರ್ಗದಲ್ಲಿ ಶಶಿಕಲಾಳ ತಂದೆ ಗದ್ದೆಪ್ಪನ ಹೇಳಿಕೆ ಪಡೆದರು. ಮುದುಕ ಕಟ್ಟೆಯ ಮೇಲೆ ಕೂತೇ ಉತ್ತರ ಕೊಟ್ಟ.

"ನಾಗರ ಅಮಾಸಿ ದಿನ ಅಳಿಯ ಎಷ್ಟೊತ್ತಿಗೆ ಬಂದಾ ಯಪ್ಪಾ?"

"ಒಂಬತ್ತರ ಬಸ್ಸಿಗ್ರಿ. ಹೊತ್ತು ಮುಳುಗೋ ಮುಂದ ಹ್ವಾದ."

"ನಡುವ ಮಾನ್ವಿಗೆ ಹೋಗಿ ಬಂದಾನೇನು?"

"ಎಲ್ಲಿ ಹ್ವಾದಾನ್ರಿ. ಅಗೋ, ಆ ಜಂತಿಗೆ ಜೋಕಾಲಿ ಕಟ್ಟಿದ. ಮಗಳಿಗೆ ಪಂಚಮಿ ಅಂತ." ಜೋಕಾಲಿಯ ಹಗ್ಗ ಇನ್ನೂ ಹಾಗೇ ಇತ್ತು. ಅದನ್ನು ಕಟ್ಟುವಾಗ ಮೊಮ್ಮಗಳು ತೆಗೆದ ಫೋಟೋ ಗದ್ದೆಪ್ಪನ ಫೋನಿನಲ್ಲಿತ್ತು: 24ನೇ ತಾರೀಖು, 11.02. ಟಿಪ್ಪಣಿಯ ಪ್ರಕಾರ ಎಂಟು ನಿಮಿಷದ ನಂತರ ಕೃಷ್ಣ ಮಾನ್ವಿಯಲ್ಲಿ ವಾಲ್ವ್ ಪರೀಕ್ಷಿಸುತ್ತಿದ್ದ.

ಹುಸೇನಪೀರ ಫೋಟೋವನ್ನು ಬಹಳ ಹೊತ್ತು ನೋಡಿದ. "ಸರ್, ಇಷ್ಟಾದ್ರೂ ಸಾಹುಕಾರ್ರು ಹಿಂಗಂತಾರ: ಬ್ಯಾರೆ ಯಾರೋ ನೋಡಿದ್ರು, ಹೆಸರು ಕೃಷ್ಣಂದು ಹಾಕಿದ್ರು."

"ಹೌದು. ಅದಕ್ಕ ಬಾಯ್ಲರ್ ತಣ್ಣಗಿತ್ತು ಅಂತ ಅವರ ಬಾಯಾಗಿಂದನ ಬರಬೇಕು," ಎಂದ ಚನ್ನವೀರ.

16ರಂದು ಬೆಳಿಗ್ಗೆ ಒಂಬತ್ತೂವರೆಗೆ ರಾಯಚೂರಿನಲ್ಲಿ ಶಂಭುಲಿಂಗಪ್ಪನವರ ಮನೆ. ಹಾಲ್‌ನಲ್ಲಿ ಅಕ್ಕಿ ಚೀಲಗಳ ಸಾಲು, ಪ್ರತಿ ಚೀಲದ ಮೇಲೆ 'ದಾಸೋಹ ಸೇವೆ' ಎಂಬ ಕೆಂಪು ಅಕ್ಷರ, ಕೆಳಗೆ ಅವರ ಹೆಸರು. ಸಾಹುಕಾರರು ಹಣೆಯ ತುಂಬ ವಿಭೂತಿ ಧರಿಸಿ ಪೂಜೆಯಿಂದ ಎದ್ದು ಬಂದರು. ಹಿಂದೆ ಶಿವರಾಜ.

"ಬರ್ರಿ ಚನ್ನವೀರಪ್ಪನವರ, ಕುಂದರ್ರಿ. ಪ್ರಸಾದ ತಗೋರಿ."

"ಆಮ್ಯಾಲೆ ತಗೊಂತೀನ್ರಿ. ಒಂದು ಮಾತು ಕೇಳಾಕ ಬಂದೀನಿ. ಕಾಗದದಾಗ ಬಂದಿದ್ದು ಕೇಳಲೇಬೇಕಲ್ರಿ. ನಿಮ್ಮ ಮಿಲ್ಲಿನಾಗ ನಾಗರ ಅಮಾಸಿ ದಿನಾನೂ ಬಾಯ್ಲರ್ ಹಚ್ಚಿದ್ರಂತ?"

ಎರಡು ಜೀವ ಹೋದಾಗ ಕೆಂಪಾಗದ ಮುಖ ಈಗ ಕೆಂಪಾಯಿತು. "ಶಿವ ಶಿವಾ! ಯಾವ ನಾಲಿಗಿ ಅಂದದ್ದು? ನಮ್ಮಪ್ಪನ ಕಾಲದಿಂದ ಅಮಾಸಿ ದಿನ ಒಲಿಗೆ ಕಡ್ಡಿ ಕೊರದಿಲ್ರಿ! ಹಿಂದಿನ ದಿನನ ಆರಿಸಿ, ಬೆಳಿಗ್ಗಿ ನಾನೇ ನಿಂತು ಕಾಯಿ ಒಡೆಸಿ, ಕೀಲಿ ಹಾಕಿ ಬಂದೀನಿ."

ಶಿವರಾಜ "ದೊಡ್ಡಪ್ಪಾ," ಎಂದ ಮೆಲ್ಲಗೆ.

"ನೀ ಸುಮ್ನಿರಲೇ. ನಮ್ಮ ಮನಿತನದ ಮಾತದ."

"ಅಂದ್ರ ಬಾಯ್ಲರ್ ತಣ್ಣಗಿತ್ತು?"

"ಕಲ್ಲಿನಂಗ ತಣ್ಣಗಿತ್ರಿ."

"ಒಳಗ ಯಾರೂ ಹೋಗಿಲ್ಲ?"

"ಕೀಲಿ ನನ್ನ ಉಡದಾರದಾಗ ಇತ್ತು. ಬೇಕಾದ್ರ ವಿಡಿಯೋ ಮಾಡ್ಕೋರಿ, ಯಾವ ದೇವರ ಮುಂದರೇ ಹೇಳ್ತೀನಿ."

"ಮಾಡಾಕತ್ತೀವ್ರಿ," ಎಂದ ಫೋನು ಹಿಡಿದು ನಿಂತಿದ್ದ ಹುಸೇನಪೀರ. ಇಬ್ಬರು ಪಂಚರು ಬಾಗಿಲ ಬಳಿ ನಿಂತಿದ್ದರು.

ಚನ್ನವೀರ ಹಾಳೆ ಬಿಡಿಸಿ ಟೀಪಾಯಿ ಮೇಲಿಟ್ಟ. "ಓದ್ರಿ. ಜುಲೈ ಇಪ್ಪತ್ನಾಕು, ಹನ್ನೊಂದು ಹತ್ತು. ಪ್ರೆಷರ್ ಎಂಟು ಕೆಜಿ, ಸ್ಥಿತಿ ಸರಿ, ಬರೆದವರು ಕೃಷ್ಣ. ತಣ್ಣನ ಬಾಯ್ಲರಿನ್ಯಾಗ ಎಂಟು ಕೆಜಿ ಎಲ್ಲಿಂದ ಬಂತ್ರಿ? ಕೀಲಿ ಹಾಕಿದ ಮನ್ಯಾಗ ಯಾರು ಬರದ್ರು?"

ಸಾಹುಕಾರರು ಹಾಳೆ ನೋಡಲಿಲ್ಲ, ತಮ್ಮನ ಮಗನನ್ನು ನೋಡಿದರು. ಅವನು ಅಕ್ಕಿ ಚೀಲದ ಮೇಲೆ ಕುಕ್ಕರಿಸಿದ.

"ನಾ ಏನು ನನ್ನ ಮನಸಿಲೆ ಮಾಡೀನೇನ್ರಿ? ದೊಡ್ಡಪ್ಪ ಎಲ್ಲಾ 'ಸರಿ' ಮಾಡಂದ್ರು, ಮಾಡಿದೆ. ಬಿಟ್ಟ ವಾರ ತುಂಬು ಅಂತ ಒಂದು ಟಿಕ್ ಇತ್ತು, ಹಾಕಿದೆ. ಯಾವ ವಾರ ಬಿಟ್ಟದ ಅಂತ ನೋಡ್ಲಿಲ್ಲ."

"ಹಳೇವು?"

"ಬದಲಿ ಮಾಡೋ ಮುಂದ ಪ್ಲಗಿನ್ನು ತಾನ ಒಂದು ಪ್ರತಿ ತಗದಿಡ್ತದ. ಆ ಕಂಪ್ಯೂಟರಿಗೆ ಹಚ್ಚಿದ್ದ ಪೆನ್‌ಡ್ರೈವಿನಾಗ ಇಡು ಅಂದಿದ್ದೆ. ಹೆದರಿ ತಗದುಕೊಂಡು ಬಂದೆ." ಒಳಗಿನ ಕಪಾಟು ತೋರಿಸಿದ. "ದೊಡ್ಡಪ್ಪ ನಾಳೆ ನನ್ನ ಮ್ಯಾಲೇ ಹಾಕಿದ್ರ ಅಂತ ಇಟ್ಕೊಂಡಿದ್ದೆ."

ದೂರದ ನೆಂಟಸ್ತನವಲ್ಲ, ಸ್ವಂತ ತಮ್ಮನ ಮಗ. ಅಲ್ಲೂ ಇಷ್ಟೇ ನಂಬಿಕೆ. ಚನ್ನವೀರನಿಗೆ ಎದ್ದು ಹೋಗಿ ಕೈ ತೊಳೆದುಕೊಳ್ಳಬೇಕೆನಿಸಿತು.

ಜೀಪಿನಲ್ಲಿ ಕಾಯುತ್ತಿದ್ದ ಸ್ವಪ್ನಾ ಬಂದು ಪಂಚರ ಎದುರು ಪೆನ್‌ಡ್ರೈವ್ ತೆರೆದಳು. ಇಪ್ಪತ್ತೊಂದು ಟಿಪ್ಪಣಿ. ಜುಲೈ 24 ಇರಲೇ ಇಲ್ಲ. ಜೂನ್ 26ರ ಸ್ಥಿತಿ ಕಾಲಂನಲ್ಲಿ 'ಬಿಗಿ ಅದ'. ಜುಲೈ 10ರಲ್ಲಿ 'ಅಂಟ್ಕೊಂಡದ, ಸಾಹುಕಾರ್ರಿಗೆ ಹೇಳೀನಿ'. ಜುಲೈ 31ರಲ್ಲಿ 'ಅಂಟ್ಕೊಂಡದ. ಮೂರನೇ ಸಲ ಹೇಳೀನಿ. ಹೆಣ್ಮಕ್ಕಳನ್ನ ಬಾಯ್ಲರ್ ಹಂತ್ಯಾಕ ಬಿಡಬ್ಯಾಡ್ರಿ'. ಕಾಲಂನಲ್ಲಿ ಜಾಗ ಸಾಲದೆ ಕೊನೆಯ ಸಾಲು ಕೆಳಗೆ ಇಳಿದಿತ್ತು.

ಬೆಳಿಗ್ಗೆ 10.50ಕ್ಕೆ ಇಬ್ಬರನ್ನೂ ಬಂಧಿಸಲಾಯಿತು: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ, ವಿದ್ಯುನ್ಮಾನ ದಾಖಲೆಯ ನಕಲಿ ಸೃಷ್ಟಿ. ಜೀಪು ಹತ್ತುವ ಮುನ್ನ ಚನ್ನವೀರ ಒಂದೇ ಕೇಳಿದ.

"ಎರಡು ದಿನ ನಿಲ್ಲಿಸಿದ್ರ ವಾಲ್ ಬದಲಿ ಆಗತಿತ್ತು. ಯಾಕ ನಿಲ್ಲಿಸಲಿಲ್ಲ?"

ಶಂಭುಲಿಂಗಪ್ಪ ಚೀಲಗಳ ಕಡೆ ನೋಡಿದರು. "ಶ್ರಾವಣದ ದಾಸೋಹಕ್ಕ ಅಕ್ಕಿ ನಂದ ಅಂತ ಮಠದಾಗ ಎಲ್ಲಾರ ಮುಂದ ಮಾತು ಕೊಟ್ಟಿದ್ದೆ. ಹೆಸರು ಬೋರ್ಡಿಗೆ ಬರದಿದ್ರು. ಮಾತು ತಪ್ಪಿದ್ರ ಮಂದಿ ಏನಂತಿದ್ರು?"

ಅಷ್ಟೇ. ಮಠದ ಬೋರ್ಡಿನ ಮೇಲಿನ ಒಂದು ಹೆಸರು. ಅಮಾಸೆಗೆ ತಿಂಗಳು ತಪ್ಪದೆ ನಿಂತ ಬಾಯ್ಲರ್ ಎರಡು ಜೀವಕ್ಕಾಗಿ ಎರಡು ದಿನ ನಿಲ್ಲಲಿಲ್ಲ. ಚನ್ನವೀರನ ಹಣೆಯಲ್ಲೂ ಬೆಳಗಿನ ವಿಭೂತಿ ಇತ್ತು. ಜೀಪಿನ ಕನ್ನಡಿಯಲ್ಲಿ ಅದನ್ನು ಕಂಡು ಅವನಿಗೆ ಹೇಸಿಗೆಯಾಯಿತು, ವಿಭೂತಿಯ ಮೇಲಲ್ಲ, ಅದರ ಕೆಳಗೆ ಇಷ್ಟು ಸಲೀಸಾಗಿ ಅಡಗಿ ಕೂರಬಹುದಾದದ್ದರ ಮೇಲೆ.

ಆಗಸ್ಟ್ 18, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶಶಿಕಲಾ ಠಾಣೆಗೆ ಬಂದಳು. ಹೊಸ ಆರೋಪಿಗಳ ಹೆಸರು ಸೇರಿಸಿ, ಕೃಷ್ಣನನ್ನು ಕೈಬಿಟ್ಟು ನ್ಯಾಯಾಲಯಕ್ಕೆ ಕಳಿಸುವ ವರದಿಯನ್ನು ಹುಸೇನಪೀರ ಓದಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವರು ಕಂಪ್ಯೂಟರಿನ್ಯಾಗ ಒಂದು ಕಾಲಂ ತುಂಬಿದ್ರು," ಎಂದಳು. "ನೀವೂ ಒಂದು ತುಂಬಿದ್ರಲ್ರಿ ಸಾಹೇಬ್ರ. ಅವರದು ಯಾವ ಪ್ಲಗಿನ್ನೋ ಏನೋ. ನಿಮ್ಮದು ಯಾವುದರಿಂದ ಆತು?"

ಚನ್ನವೀರ ಟೋಪಿ ಎತ್ತಿಕೊಂಡ. "ನಡೀರಿ," ಎಂದ, "ಮೊದಲ ಪಕೀರಮ್ಮನ ಮನಿಗೆ ಹೋಗೋಣು. ಆ ಕೊನೇ ಟಿಪ್ಪಣಿ ನಾನೇ ಓದಿ ಹೇಳ್ತೀನಿ."

ಆ ಮನೆಯ ಬಾಗಿಲು ತಟ್ಟಿದ್ದು ಹತ್ತು ಐವತ್ತಕ್ಕೆ. ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇನ್‌ಸ್ಪೆಕ್ಟರ್ ಹೊಸ್ತಿಲ ಹೊರಗೆ ನಿಂತೇ ಓದಿದ. 'ಹೆಣ್ಮಕ್ಕಳನ್ನ ಬಾಯ್ಲರ್ ಹಂತ್ಯಾಕ ಬಿಡಬ್ಯಾಡ್ರಿ' ಎಂಬಲ್ಲಿಗೆ ಬಂದಾಗ ಪಕೀರಮ್ಮನ ಅತ್ತೆ ಮುಂದೆ ಬಂದು ಶಶಿಕಲಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಪೊಲೀಸರನ್ನು ಯಾರೂ ಒಳಗೆ ಕರೆಯಲಿಲ್ಲ.