ಒಡೆಯದ ಮುಖ

ದೀಪ ಹಚ್ಚಿದ ಹೊತ್ತಿನಲ್ಲಿ ಸುಳ್ಳಾಡಬಾರದು, ಕಂಡದ್ದಷ್ಟನ್ನೇ ಹೇಳುತ್ತೇನೆ.

ಸಿದ್ದಾಪುರದ ನನ್ನ ಫ್ಲೆಕ್ಸ್ ಅಂಗಡಿಗೆ ಒಂದು ಮಧ್ಯಾಹ್ನ ಎಸ್ಟೇಟಿನ ಕೂಲಿ ಲೈನಿನಲ್ಲಿರುವ ದೊಡ್ಡಿ ಎಂಬವಳು ಬಂದಳು. ಜವರ ಎಂಬ ಅವಳ ಗಂಡ ಹೊಳೆಯಲ್ಲಿ ಕೊಚ್ಚಿಹೋಗಿದ್ದ, ಹೆಣ ಸಿಕ್ಕಿರಲಿಲ್ಲ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಅವನ ಪುಟ್ಟ ಫೋಟೋವನ್ನು ಮೇಜಿನ ಮೇಲಿಟ್ಟಳು.

"ಶ್ರದ್ಧಾಂಜಲಿ ಫ್ಲೆಕ್ಸ್ ಹಾಕ್ಸು ಅಂತ ಭಾವ ಪಟ್ಟು ಹಿಡ್ದು ಕೂತವ್ರೆ. ನಂಗೆ ಮನಸ್ಸೇ ಬರ್ತಿಲ್ಲ ಅಣ್ಣ."

ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತೆರೆದೆ. ಸಣ್ಣ ಫೋಟೋ ಹಿಗ್ಗಿಸಿದರೆ ಚೌಕಚೌಕವಾಗಿ ಒಡೆಯುತ್ತದೆ. ಅಕ್ಷರವನ್ನು ಮಾತ್ರ ಎಷ್ಟು ಎಳೆದು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ. ಅಂದು 'ಶ್ರದ್ಧಾಂಜಲಿ' ಎಂದು ಬರೆದು ಎಳೆದದ್ದೇ ಅಕ್ಷರಗಳು ಒಡೆದು ಚೂರಾದವು. ಜವರನ ಮುಖವೋ, ಎಳೆದಷ್ಟೂ ನಿಚ್ಚಳವಾಯಿತು. ಬಾಚಿದ್ದ ಕೂದಲು ಈಗ ಒದ್ದೆಯಾಗಿ ಹಣೆಗೆ ಅಂಟಿತ್ತು. ರೆಪ್ಪೆಯಿಂದ ಹನಿ ಇಳಿಯುತ್ತಿತ್ತು. ಅಂಗಡಿಯೊಳಗೆ ಕೆಸರಿನ ವಾಸನೆ.

"ಅಯ್ಯೋ, ಕಣ್ಣಿಗೆ ನೀರು ಹೋಯ್ತದೆ ಇವ್ರಿಗೆ," ಎನ್ನುತ್ತ ದೊಡ್ಡಿ ಸೆರಗಿನಿಂದ ಪರದೆ ಒರೆಸಿದಳು. "ಆ ಬರಹ ತೆಗೀರಿ ಅಣ್ಣ. ಭಾವಂಗೆ ನಾನು ಹೇಳ್ಕತೀನಿ."

ಆ ಪದ ಅಳಿಸಿದೆ. ಕೂಡಲೇ ಮುಖವೂ ಎಲ್ಲ ಫೋಟೋಗಳಂತೆ ಚೌಕಚೌಕವಾಗಿ ಒಡೆಯಿತು.

ಹೊರಗೆ ಬಿಸಿಲಿತ್ತು. ಫೋಟೋವನ್ನು ಎದೆಗವಚಿಕೊಂಡು ದೊಡ್ಡಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವಳ ಸೆರಗಿನಿಂದ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕುತ್ತಲೇ ಇತ್ತು.