ಆರು ಸೆಕೆಂಡು ತಡವಾಗಿ ಬಂದ ಬೆಳಕು

ನನಗೆ ಅರಳುಮರಳು ಎನ್ನುವವರು ಮೊದಲು ಬಾಯಿ ಮುಚ್ಚಿಕೊಳ್ಳಿ. ನಿನ್ನೆ ಉಂಡದ್ದು ಮರೆತಿರಬಹುದು, ಕೈಯಾರೆ ಬರೆದ ಪಂಚನಾಮೆ ಮರೆಯುವುದಿಲ್ಲ. ಆಗ ನಾನು ಹಿರಿಯೂರಿನಲ್ಲಿ ಠಾಣೆಯ ರೈಟರ್. ಅನುಮಾನವಿದ್ದವರು ಈ ವಾಯ್ಸ್ ನೋಟನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಮಲಗಿ.

2024ರ ಫೆಬ್ರವರಿ 21, ಬುಧವಾರ. ಸಂಜೆ 4.10ಕ್ಕೆ ಪ್ರಭುಲಿಂಗ ಠಾಣೆಗೆ ಬಂದರು. ಊರಾಚೆಯ ಖಾಸಗಿ ವಸ್ತುಸಂಗ್ರಹಾಲಯದ ಅಧ್ಯಕ್ಷರು, ಅಂಗಿಯ ಇಸ್ತ್ರಿ ಮುರಿಯದಂತೆ ಕೂರುವ ಮನುಷ್ಯ. ಮಂದೆಯ ಮುಂದಿನ ಟಗರಿಗೆ ಕಟ್ಟುತ್ತಿದ್ದ ಹಳೆಯ ಹಿತ್ತಾಳೆ ಗಂಟೆ ಮಧ್ಯಾಹ್ನ ಮೂರರ ಪ್ರದರ್ಶನದಲ್ಲಿ ಕಳುವಾಗಿದೆ ಎಂಬುದು ದೂರು.

"ಕದ್ದೋಳು ಯಾರಂತ ನಂಗೊತ್ತು ಸಾಹೇಬ್ರೆ. ಲೈಟು ನೋಡ್ಕಳೋ ನಾಗಶ್ರೀ. ಬರ್ಕಳ್ರಿ."

"ಮೊದ್ಲು ಕುಂತ್ಕಳ್ರಿ. ಹಿಡಿಯೋದು ನಮ್ ಕೆಲ್ಸ" ಎಂದರು ಇನ್ಸ್‌ಪೆಕ್ಟರ್ ರವೀಂದ್ರ.

ಆದರೂ ದೂರಿನಲ್ಲಿದ್ದ ಹೆಸರು ಎಫ್‌ಐಆರ್‌ಗೆ ಹೋಯಿತು. 5.15ಕ್ಕೆ ಸ್ಥಳ ಪಂಚನಾಮೆ. ಅಲ್ಲಿ ಗೋಡೆಯ ಮೇಲೆ ವಿಡಿಯೋ ಓಡುತ್ತದೆ, ದೀಪಗಳು ಅದರ ತಾಳಕ್ಕೆ ಹತ್ತಿ ಆರುತ್ತವೆ. ಕುರಿಮಂದೆಯ ಸದ್ದು ಬಂದಾಗ ನಲವತ್ತು ಸೆಕೆಂಡು ಕಗ್ಗತ್ತಲೆ. ಆಮೇಲೆ ವಿಡಿಯೋದಲ್ಲಿ ಗಂಟೆಯ ನಾದ, ಅದೇ ಕ್ಷಣಕ್ಕೆ ಗಾಜಿನ ಪೆಟ್ಟಿಗೆಯ ಮೇಲೆ ಬೆಳಕು. ಆ ದಿನ ಬೆಳಕು ಬಿದ್ದಾಗ ಪೆಟ್ಟಿಗೆ ಖಾಲಿ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಒಳಗಿನ ದೀಪ ಬದಲಿಸುವ ನಾಗಶ್ರೀ, ಗಾಜು ಒರೆಸಿ ಬಾಗಿಲು ಕಾಯುವ ಕಾಟಯ್ಯ.

ಪ್ರದರ್ಶನಕ್ಕೆ ಮಕ್ಕಳನ್ನು ಕರೆತಂದಿದ್ದ ಶಾಲೆಯ ಟೀಚರೊಬ್ಬರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದರು. ಅದರಲ್ಲಿ ಗಂಟೆಯ ನಾದ ಬಂತು, ಬೆಳಕು ಬರಲಿಲ್ಲ. ಮಕ್ಕಳು ಹೋ ಎಂದು ಕೂಗಿದರು. ಆರು ಸೆಕೆಂಡಿನ ಮೇಲೆ ದೀಪ ಹತ್ತಿತು.

"ನೋಡಿದ್ರಾ? ಕದಿಯಾಕೆ ಅಂತಾನೇ ಕತ್ಲೆ ಉದ್ದ ಮಾಡ್ಕಂಡವಳೆ" ಎಂದರು ಪ್ರಭುಲಿಂಗ.

ನಾಗಶ್ರೀ ಗುತ್ತಿಗೆ ಕೆಲಸದವಳು. ಸರ್ಕಾರಿ ಐಟಿಐನಲ್ಲಿ ಹುದ್ದೆ ಸಿಕ್ಕಿತ್ತು, ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ಎಫ್‌ಐಆರ್‌ನಲ್ಲಿ ಹೆಸರು ಉಳಿದರೆ ಆ ಹುದ್ದೆ ಹೋದಂತೆಯೇ.

"ಬೆಳಕು ಯಾಕೆ ತಡ ಆತಮ್ಮ?" ಎಂದು ಕೇಳಿದರು ರವೀಂದ್ರ.

"ಎರಡೂ ಐವತ್ತಕ್ಕೆ ಕರೆಂಟ್ ಹೋಗಿತ್ತು ಸಾರ್. ವಾಪಸ್ ಬಂದಾಗ ವಿಡಿಯೋ ಮೆಷಿನ್ ಮೊದ್ಲು ಎದ್ದೇಳ್ತು, ಲೈಟಿಂದು ಹಿಂದೆ ಬಿತ್ತು. ಬುಕ್ಕಾಗೆ ಬರ್ದೀನಿ."

"ನೀನು ಬರ್ದಿದ್ದು ನಿಂಗೇ ಸಾಕ್ಷಿ ಆಗಲ್ಲ."

"ಮತ್ತೆ ನನ್ ಮಾತಿಗೆ ಬೆಲೆನೇ ಇಲ್ವಾ ಸಾರ್?"

ಕಾನ್‌ಸ್ಟೇಬಲ್ ಓಬಯ್ಯ ವಿದ್ಯುತ್ ಕಚೇರಿಗೆ ಹೋಗಿ ಬಂದ. ಕರೆಂಟ್ ಹೋಗಿದ್ದು ನಿಜ, ನಾಲ್ಕು ನಿಮಿಷ. "ನಮ್ ಬೀದೀಲಿ ದಿನಾ ಹೋಗ್ತದೆ ಸಾರ್, ಅದಕ್ಕೂ ಈಯಮ್ಮನ್ನೇ ಒಳಗ್ ಹಾಕಾಣ?" ಎಂದು ಬೈಸಿಕೊಂಡ.

22ರ ಬೆಳಿಗ್ಗೆ 10ಕ್ಕೆ ಕಾಟಯ್ಯನ ಹೇಳಿಕೆ. ನಲವತ್ತರ ಆಸುಪಾಸಿನ ಮೆದುಮಾತಿನವನು.

"ಎಲ್ಲಿದ್ದೆ?"

"ಒಳಗೇ, ಬಾಗ್ಲತ್ರ ನಿಂತಿದ್ದೆ ಸಾರ್."

"ಏನ್ ನೋಡ್ದೆ?"

"ಗಂಟೆ ಸದ್ದಾತು, ಲೈಟು ಬಿತ್ತು, ಪೆಟ್ಟಿಗೆ ಖಾಲಿ ಇತ್ತು."

"ಸದ್ದಾಗಿ ಎಷ್ಟೊತ್ತಿಗೆ ಬಿತ್ತು?"

"ಆಗಿಂದಾಗ್ಲೇ. ದಿನಾ ಏಳು ಸಲ ನೋಡೋನು ಸಾರ್, ಕಣ್ಮುಚ್ಚಿ ಹೇಳ್ತೀನಿ."

ಬರೆದುಕೊಂಡೆ. ರವೀಂದ್ರ ಟೀಚರ ವಿಡಿಯೋ ಹಾಕಿದರು. ಗಂಟೆಯ ನಾದ. ಕತ್ತಲೆ. ಮಕ್ಕಳ ಕೂಗು. ಬೆಳಕು ಬರುವ ಮೊದಲೇ ಕಾಟಯ್ಯ ತಲೆ ತಗ್ಗಿಸಿದ.

"ಇಷ್ಟು ಗದ್ಲ ನಿಂಗೆ ಕೇಳ್ಸಲಿಲ್ವೇನಪ್ಪ? ನೀನು ನಿನ್ನೆ ನಡೆದಿದ್ದು ಹೇಳ್ಲಿಲ್ಲ, ದಿನಾ ನಡೆಯೋದು ಹೇಳ್ದೆ. ಎಲ್ಲಿದ್ದೆ?"

"ಕತ್ಲೇಲೇ ಹಿಂದಿನ ಬಾಗ್ಲಾಗೆ ಹೊರಗ್ ಹೋಗಿದ್ದೆ. ಪೆಟ್ಟಿಗೆ ಖಾಲಿ ಅಂತ ಅವರೆಲ್ಲ ಕೂಗಾಡೋವಾಗ ಬಂದು ಸೇರ್ಕಂಡೆ."

"ಗಂಟೆ?"

"ಹಟ್ಟೀಲೈತೆ."

12.30ಕ್ಕೆ ಹೊಸದುರ್ಗ ರಸ್ತೆಯ ಅವನ ಹಟ್ಟಿ ತಲುಪಿದೆವು. ಬಚ್ಚಿಟ್ಟಿರುತ್ತಾನೆ ಎಂದುಕೊಂಡಿದ್ದೆವು. ಗಂಟೆ ಟಗರಿನ ಕೊರಳಲ್ಲಿ ಎಲ್ಲರಿಗೂ ಕಾಣುವಂತಿತ್ತು. ಜಪ್ತಿ ಪಂಚನಾಮೆಗೆ ಪಕ್ಕದ ಮನೆಯ ಮುದುಕ ಮಾರಣ್ಣನನ್ನು ಪಂಚನಾಗಿ ಕರೆದೆವು. "ಪ್ರಭುಲಿಂಗ ಅವರ ಮನೆತನಕ್ಕೆ ಸೇರಿದ ಗಂಟೆ" ಎಂದು ನಾನು ಓದಿದ್ದೇ ತಡ, ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಹೆಬ್ಬೆಟ್ಟು ಒತ್ತಲ್ಲ ಹೋಗ್ರಿ. ಗಿರಿಯಮ್ಮನ ಗಂಟೆ ಅವರದು ಯಾವಾಗ ಆತು?"

ಗಿರಿಯಮ್ಮ ಕಾಟಯ್ಯನ ತಾಯಿ. ಗಂಟೆ ಅವಳ ಮಂದೆಯದು. ಪ್ರಭುಲಿಂಗರೇ ಹಟ್ಟಿಗೆ ಬಂದು, ಪ್ರದರ್ಶನದಲ್ಲಿ ನಿನ್ನ ಹೆಸರು ಹೇಳಿಸುತ್ತೇವೆ ಎಂದು ಕೇಳಿ ಒಯ್ದಿದ್ದರು. ಮೊದಲ ಪ್ರದರ್ಶನದ ದಿನ ಗಿರಿಯಮ್ಮ ಒಳ್ಳೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬೆಳಕು ಬಿತ್ತು, ವಿಡಿಯೋದ ಧ್ವನಿ "ಪ್ರಭುಲಿಂಗ ಮನೆತನದ ಕೊಡುಗೆ" ಎಂದಿತು. ಮುಂದಿನ ಸಲ ಹೇಳಿಯಾರೆಂದು ಎರಡನೆಯ ಪ್ರದರ್ಶನಕ್ಕೂ ಕೂತಳು. ಆಮೇಲೆ ಎದ್ದು ಹಟ್ಟಿಗೆ ಹೋದಳು, ಮತ್ತೆ ಆ ಮಾತೆತ್ತಲಿಲ್ಲ. ಡಿಸೆಂಬರಿನಲ್ಲಿ ತೀರಿಕೊಂಡಳು.

"ಸತ್ತ ಮ್ಯಾಲಾದ್ರೂ ಅವ್ವನ ಹೆಸರು ಹಾಕ್ರಿ ಅಂದೆ ಸಾರ್" ಎಂದ ಕಾಟಯ್ಯ. "ನಾಲ್ಕು ಸೆಕೆಂಡಿನ ಮಾತು. ಸೇರ್ಸಿದ್ರೆ ಲೈಟು ವಿಡಿಯೋ ಎರಡೂ ಕೂಡಲ್ಲ, ಎಲ್ಲಾ ಕೆಡ್ತದೆ ಅಂದ್ರು. ದಿನಾ ಏಳು ಸಲ ಅಧ್ಯಕ್ಷರ ಹೆಸರು ಕೇಳ್ಕಂಡು ಗಾಜು ಒರ್ಸಿದೀನಿ."

ಬಂಧನ 2.15ಕ್ಕೆ. ಕೈ ತಾನೇ ಮುಂದೆ ಚಾಚಿದ. ಸಂಜೆ ಪ್ರಭುಲಿಂಗರನ್ನು ಕರೆಸಿದೆವು. ಕಾಟಯ್ಯನ ಮೇಲೆ ಅನುಮಾನ ಬರಲಿಲ್ಲವೇ ಎಂದು ಕೇಳಿದರೆ, "ಗಂಟೆ ಕೊಟ್ಟಿದ್ದಕ್ಕೆ ಮಗನಿಗೆ ಕೆಲ್ಸ ಕೊಟ್ಟಿರ್ಲಿಲ್ವೇನ್ರಿ?" ಎಂದರು. ಅವನನ್ನು ತೋರಿಸಿದರೆ ಗಂಟೆ ಯಾರದೆಂದು ಹೊರಬೀಳುತ್ತದೆ, ಅದಕ್ಕೇ ಆ ಹುಡುಗಿಯ ಕಡೆ ಬೆರಳು.

ಆರೋಪಿ ಪಟ್ಟಿಯಿಂದ ಹೆಸರು ಕೈಬಿಟ್ಟಿದ್ದೇವೆ ಎಂದು ತಿಳಿಸಲು ನಾಗಶ್ರೀಯನ್ನೂ ಕರೆಸಿದ್ದೆವು. ರವೀಂದ್ರ ಒಂದೇ ಮಾತು ಕೇಳಿದರು: "ನಾಲ್ಕು ಸೆಕೆಂಡು ಸೇರ್ಸಿದ್ರೆ ನಿಜವಾಗ್ಲೂ ಕೆಡ್ತದೇನಮ್ಮ?"

"ಅರ್ಧ ದಿನದ ಕೆಲ್ಸ ಸಾರ್. ಕೆಡ್ತದೆ ಅಂತ ಹೇಳು ಅಂದ್ರು ಅಧ್ಯಕ್ಷರು. ಹೇಳಿದ್ದು ನಾನೇ."

ಅವಳಿಗೆ ಹುದ್ದೆ ಸಿಕ್ಕಿತು. ಕಾಟಯ್ಯನ ಮೇಲೆ ಚಾರ್ಜ್‌ಶೀಟ್ ಆಯಿತು. ಗಂಟೆ ಕೋರ್ಟಿನಿಂದ ಪ್ರಭುಲಿಂಗರ ಕೈಗೇ ಹೋಯಿತು, ಯಾಕೆಂದರೆ ಗಿರಿಯಮ್ಮ ಕೊಟ್ಟದ್ದಕ್ಕೆ ಕಾಗದವಿರಲಿಲ್ಲ. ಈಗ ಬೆಳಕು ಸರಿಯಾದ ಕ್ಷಣಕ್ಕೆ ಬೀಳುತ್ತದೆ, ಹೆಸರು ಅದೇ ಹಳೆಯದು.

ಕೇಳಿದಿರಲ್ಲ, ಇನ್ನು ನಾಲ್ಕು ಜನಕ್ಕೆ ಹೇಳಿ. ನನ್ನ ಹೆಸರು ಬೇಡ, ಇನ್ಸ್‌ಪೆಕ್ಟರ ಹೆಸರೂ ಮರೆತುಹೋದರೆ ಹೋಗಲಿ. ಗಂಟೆ ಗಿರಿಯಮ್ಮನದು ಎಂದು ಹೇಳಿ.